ಆರು ವಾರದ ಪೊರಕೆ

ಚೇತನಾ, ನಿನ್ನ ಪಾಠದಲ್ಲಿ ಬರುವ ಆ ಅಜ್ಜಿ ಸುಳ್ಳು ಹೇಳಿದ್ದಳು. ಲಕ್ವ ಹೊಡೆದ ಅವಳ ಕೈ ಬಂದದ್ದು ಆರು ವಾರದಲ್ಲಲ್ಲ. ನೀನು ಮೊದಲ ಭಾನುವಾರ ಅಳತೆಯ ಸಾಮಾನು ಹರಡಿಕೊಂಡು ಅವಳ ಮುಂದೆ ಕುಳಿತಾಗಲೇ ಆ ಕೈ ಬಂದಾಗಿತ್ತು. ಪೂರ್ತಿ ಅಲ್ಲದಿದ್ದರೂ, ಒಂದು ಹಿಡಿ ಕಡ್ಡಿ ಸೇರಿಸಿ ನಾರಿನಿಂದ ಬಿಗಿಯುವಷ್ಟು ಬಂದಿತ್ತು. ಬಂದ ಕೈಯನ್ನು ಬಾರದ ಕೈ ಎಂದು ತೋರಿಸಿದವಳು ನಾನು. ನಿನ್ನ ಸ್ವಂತ ಅಜ್ಜಿ.

ಸದ್ಯ, ಬರೆದುಬಿಟ್ಟೆ. ಇಷ್ಟು ಬರೆಯುವುದಕ್ಕೆ ಏಳು ವರ್ಷ ಹಿಡಿಯಿತು. ಬಾಯಲ್ಲಿ ಹೇಳೋಣವೆಂದರೆ — ನಿಮಗೆ ಗೊತ್ತಲ್ಲ ಮಕ್ಕಳೇ, ರೇಷನ್ ಅಂಗಡಿಯಲ್ಲಿ 'ಶಿವನಂಜವ್ವ' ಎಂದು ಕೂಗಿದರೂ 'ಇದ್ದೀನಿ' ಎನ್ನದೆ ಪಕ್ಕದವರ ಬೆನ್ನ ಹಿಂದೆ ಸರಿಯುವವಳು ನಾನು. ಅದಕ್ಕೇ ಈ ರೂಲು ಹಾಕಿದ ಪುಸ್ತಕ. ಮನು, ಇದು ನಿನ್ನ ಹಳೆಯ ಸಮಾಜ ವಿಜ್ಞಾನದ ನೋಟ್ಸಿನಲ್ಲಿ ಉಳಿದ ಹಾಳೆಗಳು. ನೀನೂ ಓದು. ಅಕ್ಕನ ಆರು ವಾರದ ಪಟ್ಟಿಯನ್ನು ದುಂಡು ಅಕ್ಷರದಲ್ಲಿ ಬರೆದುಕೊಟ್ಟವನು ನೀನೇ. ನನ್ನ ಸುಳ್ಳಿಗೆ ಒಳ್ಳೆಯ ಅಕ್ಷರ ಸಿಕ್ಕಿದ್ದು ನಿನ್ನಿಂದ. ಪಾಪ, ನಿನಗೇನು ಗೊತ್ತು.

ಮೊದಲಿನಿಂದ ಹೇಳುತ್ತೇನೆ.

ಶಿವರಾತ್ರಿಯ ಮರುದಿನ ನನಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಚೊಂಬು ಎತ್ತಲು ಹೋದರೆ ಚೊಂಬು ಅಲ್ಲೇ ಇತ್ತು, ಕೈ ಮಾತ್ರ ಯಾರದೋ ಕೈಯಂತೆ ಪಕ್ಕದಲ್ಲಿ ಬಿದ್ದಿತ್ತು. ತಿಪಟೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಇಟ್ಟುಕೊಂಡು ಕಳಿಸಿದರು. ಕಾಲು ನೆಟ್ಟಗೆ ಉಳಿಯಿತು, ಮಾತೂ ಉಳಿಯಿತು. ಬಲಗೈ ಮಾತ್ರ ಮುನಿಸಿಕೊಂಡ ಸೊಸೆಯ ಹಾಗೆ ಮೂಲೆ ಹಿಡಿಯಿತು. ನಿಮ್ಮ ಅಮ್ಮನನ್ನು ಹೇಳಿದ್ದಲ್ಲ, ಅವಳು ಮುನಿಸಿಕೊಂಡವಳೇ ಅಲ್ಲ. ಬೆಳಿಗ್ಗೆ ಅಂಗನವಾಡಿಗೆ ಹೊರಡುವ ಮುಂಚೆ ನನ್ನ ಜಡೆ ಹೆಣೆದು, ಅನ್ನ ಕಲೆಸಿ, ಚಮಚ ಎಡಗೈಗೆ ಕೊಟ್ಟು ಹೋಗುತ್ತಿದ್ದಳು.

ನನಗೆ ನಾಚಿಕೆ. ಎಡಗೈಯಲ್ಲಿ ಉಣ್ಣುವುದೆಂದರೆ ಗೋಡೆ ಕಡೆ ತಿರುಗಿ ಕೂರುತ್ತಿದ್ದೆ. ಯಾರಾದರೂ ಮಾತಾಡಿಸಲು ಬಂದರೆ ಬಲಗೈಯನ್ನು ಸೆರಗಿನೊಳಗೆ ಸೇರಿಸಿಬಿಡುತ್ತಿದ್ದೆ. ಕೈ ಅಲುಗಾಡಿಸಿ ನೋಡಿ ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಆದರೆ ಜನರ ಮುಂದೆ ಎತ್ತಿ, ಬೀಳಿಸಿ, ಮತ್ತೆ ಎತ್ತಿ — ಅದು ನನ್ನಿಂದಾಗುವ ಕೆಲಸವಲ್ಲ. ಹಾಗಾಗಿ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ನಾನು ಅಟ್ಟ ಹತ್ತುತ್ತಿದ್ದೆ.

ನಮ್ಮ ಅಟ್ಟ ನಿಮಗೆ ಗೊತ್ತು. ವರ್ಷದ ಕಾಯಿ ಸಿಪ್ಪೆ ಸಮೇತ ಅಲ್ಲೇ ಒಣಗಿ ಒಳಗೆ ಉಂಡೆ ಕೊಬ್ಬರಿ ಆಗುವವರೆಗೆ ಮಲಗಿರುತ್ತದೆ. ಯಾವುದು ಆಯಿತು, ಯಾವುದು ಆಗಿಲ್ಲ ಎಂದು ನೋಡಲು ನಾವು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತೇವೆ. ನೀರಿದ್ದರೆ ಒಂದು ಸದ್ದು. ನೀರಿಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗೊಟಕ್ ಗೊಟಕ್ ಎಂದು ಇನ್ನೊಂದು ಸದ್ದು. ನಲವತ್ತು ವರ್ಷ ಮಾಡಿದ ಕೆಲಸ ಅದು. ಅದನ್ನೇ ಬಲಗೈಯಲ್ಲಿ ಮಾಡಲು ಹೊರಟೆ.

ಮೊದಲ ತಿಂಗಳು ಕಾಯಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೇ ಆಯಿತು. ಎರಡನೇ ತಿಂಗಳು ಎಡಗೈ ಕೆಳಗಿಟ್ಟು ಎತ್ತಿದೆ. ಬೀಳಿಸಿದ್ದಕ್ಕೆ ಲೆಕ್ಕವಿಲ್ಲ. ಒಂದು ದಿನ ಉರುಳಿದ ಕಾಯಿ ಮೆಟ್ಟಿಲ ಮೇಲೆ ಧಡಧಡ ಇಳಿದುಹೋಗಿ ನಡುಮನೆಯಲ್ಲಿ ಮಲಗಿದ್ದ ಬೆಕ್ಕಿನ ಪಕ್ಕ ನಿಂತಿತು. ಆ ಬೆಕ್ಕು ಎರಡು ದಿನ ಮನೆಗೆ ಬರಲಿಲ್ಲ. ಮೂರನೇ ತಿಂಗಳು ದಾಟಿದ ಮೇಲೆ ಒಂದು ಮಧ್ಯಾಹ್ನ ಬರೀ ಬಲಗೈಯಲ್ಲಿ ಕಾಯಿ ಎತ್ತಿ, ಕಿವಿಯ ಹತ್ತಿರ ತಂದು, ಕುಲುಕಿದೆ. ಸದ್ದು ಕೇಳಿಸಿತು. ನಾನು ಅಲ್ಲೇ ಕೂತು ಒಬ್ಬಳೇ ನಕ್ಕೆ. ಯಾರಿಗೂ ಹೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೊಂದು ಆಸೆ ಹುಟ್ಟಿತ್ತು. ಗೌರಿ ಹಬ್ಬದ ದಿನ ಎಲ್ಲರ ಮುಂದೆ ಎದ್ದು ಹೋಗಿ, ಏನೂ ಆಗದವಳಂತೆ ಒಬ್ಬಟ್ಟು ತಟ್ಟಬೇಕು. ನಿಮ್ಮ ಅಪ್ಪ ಬಾಯಿ ಬಿಟ್ಟುಕೊಂಡು ನಿಲ್ಲಬೇಕು.

ಹಬ್ಬಕ್ಕೆ ಇನ್ನೂ ನಾಲ್ಕು ವಾರವಿತ್ತು. ಆಗ ನೀನು ಬಂದೆ, ಚೇತನಾ.

ಎರಡನೇ ವರ್ಷ ಮುಗಿಯುತ್ತಿತ್ತು ನಿನಗೆ. ನೀನು ಆರಿಸಿಕೊಂಡ ಓದು ಯಾರಿಗೂ ಅರ್ಥವಾಗಿರಲಿಲ್ಲ. ಆಕ್ಯುಪೇಷನಲ್ ಥೆರಪಿ ಎಂದರೆ ಕೆಲಸ ಕೊಡಿಸುವ ಆಫೀಸೇನೋ ಎಂದುಕೊಂಡು ಪಕ್ಕದ ಬೀದಿಯವರು ಮಗನ ಮಾರ್ಕ್ಸ್ ಕಾರ್ಡ್ ಹಿಡಿದು ಬಂದಿದ್ದರು. ನಿಮ್ಮ ಅಪ್ಪ ಊಟಕ್ಕೆ ಕೂತಾಗಲೆಲ್ಲ ಕೆಣಕುತ್ತಿದ್ದ.

"ಏನಮ್ಮ, ನೀನು ಡಾಕ್ಟ್ರೋ, ನರ್ಸೋ, ಡ್ರಿಲ್ ಮೇಷ್ಟ್ರೋ?"

"ಅಪ್ಪ, ಜನಕ್ಕೆ ಅವರವರ ಕೆಲಸ ಅವರೇ ಮಾಡ್ಕೊಳಾಕೆ ಆಗಂಗೆ ಮಾಡೋದು. ಸ್ನಾನ, ಊಟ, ಗುಂಡಿ ಹಾಕ್ಕೊಳೋದು, ಬರಿಯೋದು..."

"ಗುಂಡಿ ಹಾಕ್ಕೊಳೋದು ಕಲಿಯಾಕೆ ನಾಕೂವರೆ ವರ್ಷವಾ? ನಿಮ್ಮಜ್ಜಿ ನಂಗೆ ಒಂದೇ ದಿನದಾಗೆ ಕಲಿಸಿದ್ಲು ಕಣೇ!"

ನೀನು ನಗುತ್ತಿದ್ದೆ. ಆದರೆ ರಾತ್ರಿ ನನ್ನ ಪಕ್ಕ ಮಲಗಿದಾಗ ಹೇಳಿದ್ದೆಯಲ್ಲ, ತರಗತಿಯಲ್ಲಿ ಒಂದು ಜೀಪಿಗೆ ಹಿಡಿಸುವಷ್ಟು ಹುಡುಗಿಯರು ಮಾತ್ರ ಇದ್ದೀರಿ, ಅದರಲ್ಲಿ ಇಬ್ಬರು ಆಗಲೇ ಬಿಟ್ಟುಹೋದರು. ಪಾಠ ಮಾಡುವವರಲ್ಲಿ ಇಬ್ಬರು ಹೊರದೇಶದ ಕೆಲಸ ಸಿಕ್ಕಿತೆಂದು ಹೊರಟುಹೋಗಿ, ಉಳಿದ ಒಬ್ಬ ಮೇಡಂ ಮೂರು ವಿಷಯವನ್ನೂ ಒಬ್ಬರೇ ಎಳೆಯುತ್ತಿದ್ದಾರೆ. "ಅಜ್ಜಿ, ನಾನೂ ಬುಟ್ಬುಡ್ಲಾ?" ಎಂದಿದ್ದೆ. ನಾನು ನಿನ್ನ ತಲೆ ಸವರಿದ್ದೆ. ಎಡಗೈಯಲ್ಲಿ.

ಮಾರನೆಯ ಬೆಳಿಗ್ಗೆ ನೀನು ಒಂದು ಹಳದಿ ಫೈಲು ತೆಗೆದುಕೊಂಡು ಕುಣಿಯುತ್ತ ಬಂದೆ. ಮೇಡಂ ಹೇಳಿದ್ದರಂತೆ, ನಿಮ್ಮ ನಿಮ್ಮ ಊರಲ್ಲಿ ಒಬ್ಬರನ್ನು ಹುಡುಕಿ, ಆರು ವಾರ ಕೆಲಸದ ಮೂಲಕವೇ ಅವರ ಕೈ ಸುಧಾರಿಸಿ ಬರೆದು ತನ್ನಿ, ಅದೇ ನಿಮ್ಮ ಮೊದಲನೆಯ ಕೇಸು ಎಂದು. ಬೇರೆ ಹುಡುಗಿಯರು ರೋಗಿ ಸಿಗದೆ ಪರದಾಡುತ್ತಿದ್ದರಂತೆ. "ನಂಗೇನು ಚಿಂತೆ? ನಂಗೆ ನೀನಿದ್ದೀಯಲ್ಲ ಅಜ್ಜಿ!"

ನನಗೆ ಲಕ್ವ ಹೊಡೆದದ್ದು ಯಾರಿಗಾದರೂ ಇಷ್ಟು ಸಂತೋಷ ಕೊಟ್ಟದ್ದು ಅದೇ ಮೊದಲು.

ನೀನು ಚಾಪೆಯ ಮೇಲೆ ಸಾಮಾನು ಜೋಡಿಸಿದೆ. ಬೆರಳಿನ ಕೋನ ಅಳೆಯುವ ಪಟ್ಟಿ, ತೂತಿರುವ ಹಲಗೆ, ಅದಕ್ಕೆ ಚುಚ್ಚುವ ಗೂಟ, ಮರದ ಒಂದು ಚೌಕದ ತುಂಡು. ಆ ಚೌಕವನ್ನು ನನ್ನ ಮುಂದಿಟ್ಟು, ಪೆನ್ನು ತೆರೆದು, ಹೇಳಿದೆ.

"ಎಲ್ಲಿ ಅಜ್ಜಿ, ಇದನ್ನ ಎತ್ತು ನೋಡಾಣ."

ಒಂದು ಒಣಕಾಯಿಯ ಅರ್ಧ ತೂಕವೂ ಇರಲಿಲ್ಲ ಅದು. ನನ್ನ ಬೆರಳು ತಾವಾಗಿಯೇ ಮಡಚಿಕೊಂಡವು. ಹಿಡಿತ ಸಿಕ್ಕಿತು. ಸಿಕ್ಕಿದ್ದು ನನಗೆ ಚೆನ್ನಾಗಿ ಗೊತ್ತು. ನಿನ್ನ ಮುಖ ನೋಡಿದೆ. ಕೈ ಬಂದಿದೆ ಎಂದರೆ ಈ ಫೈಲು ಖಾಲಿ. ಹುಡುಗಿ ಮತ್ತೆ ರೋಗಿಯನ್ನು ಹುಡುಕಿಕೊಂಡು ಊರೂರು ಅಲೆಯಬೇಕು. ಅಥವಾ ಅಲೆಯದೆ... ಹಿಂದಿನ ರಾತ್ರಿ ಕೇಳಿದ ಮಾತು ಕಿವಿಯಲ್ಲೇ ಇತ್ತು.

ನಾನು ಬೆರಳು ಸಡಿಲ ಬಿಟ್ಟೆ. ಚೌಕ ಬಿತ್ತು.

"ಆಗಾಕಿಲ್ಲ ಕಣವ್ವ," ಎಂದೆ.

ಎರಡೇ ಮಾತು. ನೀನು ಅದನ್ನು ಬರೆದುಕೊಂಡೆ. ಅಳತೆಯ ಜಾಗದಲ್ಲಿ ಸೊನ್ನೆ ಹಾಕಿದೆ. ಆ ಸೊನ್ನೆ ನನ್ನದು.

ಆಮೇಲಿನ ಆರು ವಾರ — ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ, ಬರಬಾರದು ಎಂದುಕೊಂಡರೂ ಬರುತ್ತದೆ. ಭಾನುವಾರ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಇಳಿದು ನೀನು ಬರುತ್ತಿದ್ದೆ. ನಾನು ಶನಿವಾರವೇ ಕೂತು ಈ ವಾರ ಎಷ್ಟು ಕೈ ತೋರಿಸಬೇಕು ಎಂದು ಯೋಚಿಸುತ್ತಿದ್ದೆ. ಮೊದಲ ವಾರ ನೀನು ಹುರುಳಿಕಾಳು ಆರಿಸಲು ಕೊಟ್ಟೆ, ನಾನು ಬೇಕೆಂದೇ ಕಾಳು ಚೆಲ್ಲಿದೆ. ಎರಡನೇ ವಾರ ಸ್ವಲ್ಪ ಕಡಿಮೆ ಚೆಲ್ಲಿದೆ. ನೀನು ಕಾಲೇಜಿಗೆ ಹೋದ ಮೇಲೆ ಕೋಳಿಯೊಂದು ಬಂದು ಅದೇ ಹುರುಳಿಗೆ ಬಾಯಿ ಹಾಕಿತು. ನಾನು ಎದ್ದು ಬಲಗೈಯಲ್ಲಿ ಕೋಲೆತ್ತಿ ಬೀಸಿದ್ದು ನೇರವಾಗಿ ಅದರ ಬೆನ್ನಿಗೆ ತಾಗಿತು. ಆಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದೆ. ಕೋಳಿ ಒಂದೇ ಸಾಕ್ಷಿ. ಹಬ್ಬ ಬಂತು. ಒಬ್ಬಟ್ಟು ನಿಮ್ಮ ಅಮ್ಮನೇ ತಟ್ಟಿದಳು. ನಾನು ಸೆರಗಿನೊಳಗೆ ಕೈ ಇಟ್ಟುಕೊಂಡು ಕೂತಿದ್ದೆ. ಆ ದಿನ ಮಾತ್ರ ನಗು ಬರಲಿಲ್ಲ.

ಪೊರಕೆಯ ಯೋಚನೆ ನಿನ್ನದೇ. ಬೇರೆಯವರೆಲ್ಲ ಕಾಲೇಜಿನ ಗೂಟ, ಚೆಂಡು ಹಿಡಿದರೆ ನೀನು ಅಂಗಳದ ತೆಂಗಿನ ಗರಿ ಎಳೆದುತಂದೆ. ಗರಿಯಿಂದ ಎಲೆ ಸೀಳುವುದಕ್ಕೆ ಬೆರಳ ತುದಿ ಬೇಕು, ಕಡ್ಡಿ ಹೆರೆಯುವುದಕ್ಕೆ ಮಣಿಕಟ್ಟು ಬೇಕು, ಕಟ್ಟು ಕುಟ್ಟಿ ಸಮ ಮಾಡುವುದಕ್ಕೆ ಅಂಗೈ ಬೇಕು, ನಾರು ಬಿಗಿಯುವುದಕ್ಕೆ ಪೂರ್ತಿ ಹಿಡಿತ ಬೇಕು. ಕಾಳಿನ ಎರಡು ವಾರ ಕಳೆದ ಮೇಲೆ ಒಂದೊಂದು ವಾರಕ್ಕೆ ಒಂದೊಂದು. ಮನು ಅದನ್ನು ಪಟ್ಟಿ ಮಾಡಿ ಬರೆದ. ಎಷ್ಟು ಚೆಂದದ ಯೋಚನೆ ಅದು! ಈಗಲೂ ಹೇಳುತ್ತೇನೆ, ಯೋಚನೆಯಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದದ್ದು ವಾರದ ಲೆಕ್ಕದಲ್ಲಿ.

ಆರನೆಯ ಭಾನುವಾರ ನಾನು ಪೊರಕೆ ಕಟ್ಟಿ ನಿನ್ನ ಕೈಗೆ ಕೊಟ್ಟೆ. ನೀನು ಅದನ್ನು ಎದೆಗವಚಿಕೊಂಡು ಅತ್ತೆ. ನಿಮ್ಮ ಅಪ್ಪ ಕೊಬ್ಬರಿ ಮಂಡಿಯಿಂದ ಬಂದವನು ಬಾಗಿಲಲ್ಲೇ ನಿಂತ. ನಾನು ಹಬ್ಬದಲ್ಲಿ ನೋಡಬೇಕೆಂದಿದ್ದೆನಲ್ಲ, ಬಾಯಿ ಬಿಟ್ಟುಕೊಂಡು ನಿಲ್ಲುವುದನ್ನು — ಹಾಗೆಯೇ ನಿಂತ. "ಭೇಷ್ ಕಣಮ್ಮ, ಇದು ಓದು ಅಂದ್ರೆ!" ಎಂದ. ಅವತ್ತಿನಿಂದ ಅವನು ನಿನ್ನ ಓದನ್ನು ಆಡಿಕೊಳ್ಳಲಿಲ್ಲ. ನೀನು ಬಿಡುವ ಮಾತೆತ್ತಲಿಲ್ಲ. ಮೇಡಂ ನಿನ್ನ ಫೈಲನ್ನು ತರಗತಿಯಲ್ಲಿ ಓದಿಸಿದರಂತೆ.

ನಾನು ಅಂದುಕೊಂಡೆ, ಮುಗಿಯಿತು. ಯಾರಿಗೇನು ನಷ್ಟ?

ಮುಗಿಯಲಿಲ್ಲ. ನೀನು ಓದು ಮುಗಿಸಿದೆ, ಮೇಲಿನ ಓದನ್ನೂ ಓದಿದೆ. ಪಾಠ ಮಾಡುವವರಿಲ್ಲದ ಕಾಲೇಜು, ನಿನ್ನ ಫಲಿತಾಂಶ ಬಂದ ತಿಂಗಳೇ ನಿನ್ನನ್ನು ಕಪ್ಪು ಹಲಗೆಯ ಮುಂದೆ ನಿಲ್ಲಿಸಿತು. ನಿನ್ನ ಕಾಲದ ಜೀಪು ಹೋಗಿ ಈಗ ಬಸ್ಸು ತುಂಬ ಮಕ್ಕಳು. ಹುಡುಗರೂ ನಾಲ್ಕಾರು ಜನ ಇದ್ದಾರೆ. ಮೇಷ್ಟರು ಮಾತ್ರ ಮೊದಲಿನಷ್ಟೇ. ಹೊಸ ಪಾಠ ಬರೆಯಲು ನಿನಗೆ ಹೊತ್ತೆಲ್ಲಿ? ಹಳೆಯ ಹಳದಿ ಫೈಲೇ ಪಾಠವಾಯಿತು. ಅದು ನನಗೆ ತಿಳಿದದ್ದು ಈ ಸಲ, ನಿನ್ನ ಕಾಲೇಜಿನ ಮಕ್ಕಳನ್ನು ಹಳ್ಳಿಯಲ್ಲಿ ಕಲಿಯಲಿ ಎಂದು ನಮ್ಮೂರ ಶಾಲೆಗೆ ಕರೆತಂದೆಯಲ್ಲ, ಆಗ.

ನಾನು ಜಗಲಿಯಲ್ಲಿ ಕೂತಿದ್ದೆ. ಬಾಗಲಕೋಟೆ ಕಡೆಯ ಹುಡುಗಿ, ಸವಿತಾ, ಗೇಟು ತೆರೆದು ಬಂದವಳೇ ನಿಂತು ನೋಡಿದಳು.

"ಅಜ್ಜಿ, ನೀವ ಅಲ್ಲೇನ್ರೀ ಆ ಪೊರಕಿ ಅಜ್ಜಿ? ನಮ್ಮ ನೋಟ್ಸನ್ಯಾಗ ಅದೀರಲ್ರೀ ನೀವು!"

ಹಿಂದಿದ್ದವರೆಲ್ಲ ಓಡಿ ಬಂದರು. ಒಬ್ಬಳು ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದಳು. ಒಬ್ಬ ಹುಡುಗ ಫೋನಿನಲ್ಲಿ ಚಿತ್ರ ತೆಗೆದ. ನಿಮ್ಮ ಮಕ್ಕಳಿಗೆಲ್ಲ ಮುಂದೆ ಪಟ್ಟಣದ ಚಿಕ್ಕ ಮಕ್ಕಳ ಕೇಂದ್ರದಲ್ಲೇ ಕೆಲಸ ಬೇಕಂತೆ, ಮುದುಕಿಯರು ಯಾರಿಗೂ ಬೇಡವಂತೆ, ನೀನೇ ಹೇಳಿ ಬೇಸರ ಪಟ್ಟಿದ್ದೆ. ಆ ಮಕ್ಕಳು ಅವತ್ತು ನನ್ನನ್ನು ಮುತ್ತಿಕೊಂಡಿದ್ದು ನೋಡಬೇಕಿತ್ತು.

"ಹೆಬ್ಬಟ್ಟು ಎಷ್ಟನೇ ವಾರಕ್ಕ ಬಂತ್ರೀ ಅಜ್ಜಿ?" ಎಂದಳು ಸವಿತಾ, ಪೆನ್ನು ಹಿಡಿದು.

"ನಾಕ್ನೇ ವಾರ ಇರ್ಬೇಕು ಕಣಮ್ಮ," ಎಂದೆ.

ನೋಡಿದೆಯಾ? ಏಳು ವರ್ಷದ ಮೇಲೂ ನಾಲಿಗೆ ತಡವರಿಸಲಿಲ್ಲ. ಆ ಹೆಬ್ಬೆರಳು ಇವತ್ತಿಗೂ ಸೂಜಿ ಹಿಡಿಯುವುದಿಲ್ಲ, ಚೇತನಾ. ರವಿಕೆಯ ಹುಕ್ಕು ನಾನು ಎಡಗೈಯಲ್ಲೇ ಹಾಕಿಕೊಳ್ಳುವುದು.

ಸವಿತಾಗೆ ನೀನು ಒಪ್ಪಿಸಿದ್ದು ರಂಗಮ್ಮನನ್ನು. ಹಿಂದಿನ ಬೀದಿಯ ರಂಗಮ್ಮ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಬಾವಿಕಟ್ಟೆಯಲ್ಲಿ ನನ್ನ ಬದಲು ಮಾತಾಡುತ್ತಿದ್ದವಳು ಅವಳೇ. ಸಂಕ್ರಾಂತಿ ಕಳೆದ ಮೇಲೆ ಅವಳಿಗೂ ಲಕ್ವ ಹೊಡೆದು ಬಲಗೈಯೇ ಹೋಯಿತು. ಮನುವಿನ ದುಂಡು ಅಕ್ಷರದ ಪಟ್ಟಿಯ ಜೆರಾಕ್ಸ್ ಅವಳ ಅಡುಗೆಮನೆಯ ಗೋಡೆಗೆ ಬಂತು. ಮೊದಲೆರಡು ವಾರ ಕಾಳು ಆರಿಸುವುದು, ಮೂರನೇ ವಾರ ಎಲೆ ಸೀಳುವುದು. ಆರನೇ ವಾರ ಪೊರಕೆ.

ಆರು ವಾರ ಆಯಿತು. ಒಂಬತ್ತು ಆಯಿತು. ರಂಗಮ್ಮನ ಬೆರಳು ಎಲೆಯನ್ನೇ ಹಿಡಿಯಲಿಲ್ಲ. ಮೊನ್ನೆ ನಾನು ಸೊಪ್ಪು ಕೊಡಲು ಹೋದಾಗ ಅವಳ ಗಂಡ ಬಸಣ್ಣ ಹಿತ್ತಲಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದ.

"ಶಿವನಂಜವ್ವ ಆರೇ ವಾರಕ್ಕೆ ಕಟ್ಟಿದ್ಲು ಕಣೇ. ನಿಂಗೇನಾಗೈತೆ? ಕೈಯಾಗಲ್ಲ ರೋಗ ಇರೋದು, ಮನಸ್ನಾಗೆ. ಮಾಡ್ಬೇಕು ಅನ್ನೋದೇ ಇಲ್ಲ ನಿಂಗೆ!"

ಬಸಣ್ಣ ಕೆಟ್ಟವನಲ್ಲ. ಹೆಂಡತಿಯ ಬಟ್ಟೆ ತಾನೇ ಒಗೆಯುತ್ತಾನೆ. ಅವನು ಹೇಳಿದ್ದು ಗೋಡೆಯ ಮೇಲಿದ್ದ ಲೆಕ್ಕ, ಅಷ್ಟೇ. ಊರಿಗೆಲ್ಲ ಉತ್ತರ ಕೊಡುತ್ತಿದ್ದ ರಂಗಮ್ಮ ನನ್ನನ್ನು ಕಂಡ ತಕ್ಷಣ ಬಲಗೈಯನ್ನು ಸೆರಗಿನೊಳಗೆ ಸೇರಿಸಿದಳು. ನಾನು ಸೊಪ್ಪು ಇಟ್ಟು ಹೊರಗೆ ಬಂದೆ.

ಮೆಟ್ಟಿಲ ಮೇಲೆ ಸವಿತಾ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ಮಡಿಲಲ್ಲಿ ಫೈಲು.

"ಪಟ್ಟಿಯೊಳಗ ಇದ್ದಂಗ ಎಲ್ಲಾ ಮಾಡೀನ್ರೀ ಅಜ್ಜಿ. ಒಂದೂ ಬಿಟ್ಟಿಲ್ರೀ. ಬುಧವಾರ ಕೇಸ್ ಮುಗಿಸಬೇಕು, ಮೇಡಂ ಸಹಿ ಮಾಡ್ತಾರ. ಏನಂತ ಬರೀಲಿ ನಾ?"

ಅವಳು ಬರೆದಾಗಿತ್ತು. ನಾನು ಕೇಳಿದ್ದಕ್ಕೆ ಓದಿ ಹೇಳಿದಳು. 'ರೋಗಿಗೆ ಸುಧಾರಿಸುವ ಮನಸ್ಸಿಲ್ಲ. ಮುಂದುವರಿಸುವುದರಿಂದ ಪ್ರಯೋಜನವಿಲ್ಲ.' ಬುಧವಾರ ನೀನು ಅದರ ಕೆಳಗೆ ಸಹಿ ಮಾಡಿದರೆ ರೋಗಿಗಳ ಪಟ್ಟಿಯಿಂದ ರಂಗಮ್ಮನ ಹೆಸರು ಹೋಗುತ್ತದೆ. ಮುಂದಿನ ತಂಡದ ಮಕ್ಕಳು ಅವಳ ಮನೆಗೆ ಬರುವುದಿಲ್ಲ.

ನಾನು ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತೆ. ಒಲೆ ಹಚ್ಚಿದೆ, ಆರಿಸಿದೆ. ಐದು ತಿಂಗಳು, ದಿನಾ ಮಧ್ಯಾಹ್ನ, ಲೆಕ್ಕವಿಲ್ಲದಷ್ಟು ಸಲ ಬೀಳಿಸಿ ಬೀಳಿಸಿ ಬಂದ ಕೈ ನನ್ನದು. ಮೊದಲ ತಿಂಗಳು ನನಗೂ ಒಂದು ಬೆರಳು ಅಲುಗಿರಲಿಲ್ಲ. ರಂಗಮ್ಮನಿಗೆ ಯಾರಾದರೂ ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳಬಲ್ಲವಳು ಈ ಭೂಮಿಯ ಮೇಲೆ ಒಬ್ಬಳೇ ಇದ್ದಳು, ಅವಳು ಸೊಪ್ಪು ಕೊಟ್ಟು ತಲೆ ತಗ್ಗಿಸಿಕೊಂಡು ಬಂದಳು.

ನಿನ್ನ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ಹೊಸ ಮೇಡಂ ನೀನು. ಆ ಪಾಠದಿಂದಲೇ ಮಕ್ಕಳು ನಿನ್ನನ್ನು ಮೆಚ್ಚಿಕೊಂಡಿದ್ದಾರೆ. ಅದೇ ಸುಳ್ಳೆಂದರೆ ನಿನ್ನ ಮುಖ ಹೇಗಾದೀತು? ಚೇತನಾಳಿಗೋಸ್ಕರ ಸುಮ್ಮನಿದ್ದುಬಿಡೋಣ ಎಂದುಕೊಂಡೆ. ಏಳು ವರ್ಷದ ಹಿಂದೆ ಚಾಪೆಯ ಮೇಲೆ ಕೂತು ಬೆರಳು ಸಡಿಲ ಬಿಟ್ಟಾಗಲೂ ನಾನು ಅಂದುಕೊಂಡಿದ್ದು ಇದನ್ನೇ.

ಚಪ್ಪಲಿಯನ್ನೂ ಮೆಟ್ಟದೆ ರಂಗಮ್ಮನ ಮನೆಗೆ ವಾಪಸು ಹೋದೆ. ಬಸಣ್ಣ ತೋಟಕ್ಕೆ ಹೋಗಿದ್ದ. ಅವಳು ಗೋಡೆ ಕಡೆ ತಿರುಗಿ ಕೂತು ಎಡಗೈಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದಳು. ಹೇಗೆ ಶುರುಮಾಡಿದೆನೋ ತಿಳಿಯದು. ಅಟ್ಟ, ಕಾಯಿ, ಬೆಕ್ಕು, ನಿನ್ನ ಮರದ ಚೌಕ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ರಂಗಮ್ಮ ಲೋಟ ಕೆಳಗಿಟ್ಟಳು. ನನ್ನನ್ನೇ ನೋಡಿದಳು.

"ಎಷ್ಟು ತಿಂಗಳು ಅಂದೆ?"

"ಐದರ ಮೇಲೆ. ಹೆಬ್ಬಟ್ಟು ಇನ್ನೂ ಬಂದಿಲ್ಲ."

"ಅಯ್ಯೋ ನಿನ್ನ ಮನೆ ಕಾಯ್ವೋಗ! ಥೂ ನಿನ್ನ! ಒಂಬತ್ತು ವಾರದಿಂದ ನಾನೇ ಮೈಗಳ್ಳಿ ಅಂತ ನನ್ನ ನಾನೇ ಬೈಕೊಂತಾವ್ನಿ ಕಣೇ! ಆ ಗೋಡೆ ಪಟ್ಟಿ ನೋಡ್ದಾಗೆಲ್ಲ ಸತ್ತೋಗ್ಬೇಕು ಅನ್ನಿಸ್ತಿತ್ತು!"

"ತಪ್ಪಾಯ್ತು ರಂಗಿ."

"ತಪ್ಪಾಯ್ತಂತೆ! ಬಾಯೇ ಬುಡದವಳು ಅಂತಿದ್ದೆ, ಬುಟ್ಟಿದ್ದು ಒಂದೇ ಮಾತು, ಅದೂ ಸುಳ್ಳಾ?"

ಬೈದಳು. ಚೆನ್ನಾಗಿ ಬೈದಳು. ಎರಡು ತಿಂಗಳಿಂದ ಉಳಿಸಿಕೊಂಡಿದ್ದ ಬಾಯೆಲ್ಲ ನನ್ನ ಮೇಲೆ ಸುರಿಯಿತು. ನಾನು ತಲೆ ತಗ್ಗಿಸಿ ಕೇಳಿದೆ, ಒಳಗೊಳಗೇ ಹಿಗ್ಗಿದೆ ಕೂಡ, ಏಕೆಂದರೆ ಇದು ಬಾವಿಕಟ್ಟೆಯ ರಂಗಮ್ಮನ ಗಂಟಲು. ಬೈದು ಬೈದು ಸುಸ್ತಾಗಿ ಅವಳು ನಕ್ಕಳು. "ಕೋಳಿಗೆ ಸರಿಯಾಗಿ ತಾಗ್ತಾ?" ಎಂದಳು. "ಬೆನ್ನಿಗೇ," ಎಂದೆ. ಇಬ್ಬರೂ ನಕ್ಕೆವು. ನಗುತ್ತಲೇ ಅವಳು ಸೆರಗಿನೊಳಗಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳು ಅಲುಗಲಿಲ್ಲ. ನಾವಿಬ್ಬರೂ ಅದನ್ನು ನೋಡುತ್ತ ಕೂತೆವು, ನಾಚಿಕೆಯಿಲ್ಲದೆ.

"ಮೊಮ್ಮಗಳಿಗೆ ಹೇಳಿದ್ದೀಯಾ?" ಎಂದು ಕೇಳಿದಳು.

"ಇಲ್ಲ."

"ನಂಗೆ ಹೇಳ್ದಷ್ಟು ಸಲೀಸಲ್ಲ ಬುಡು ಅದು. ನಾನಾದ್ರೆ ಬೈದು ಸುಮ್ಕಾದೆ. ಆ ಮಗ ಅಳ್ತದೆ."

ಅದಕ್ಕೇ ಬರೆಯುತ್ತಿದ್ದೇನೆ.

ಅಳು ಬಂದರೆ ಅಳು, ಚೇತನಾ. ಸಿಟ್ಟು ಬಂದರೆ ಮಾತು ಬಿಡು. ನಿನ್ನ ಮೇಲಿನ ಪ್ರೀತಿಯಿಂದ ಹೀಗೆ ಮಾಡಿದೆ ಎಂದು ನಾನು ಹೇಳುವುದಿಲ್ಲ. ಪ್ರೀತಿ ಇದ್ದದ್ದು ನಿಜ. ಆದರೆ ನೀನು ಅವತ್ತು ನನ್ನನ್ನು ಕೇಳಿದ್ದು ಪ್ರೀತಿಯನ್ನಲ್ಲ, ಕೈ ಎಷ್ಟು ಏಳುತ್ತದೆ ಎಂದು. ನಾನು ನಿನ್ನನ್ನು ಅಟ್ಟಕ್ಕೆ ಕರೆದುಕೊಂಡು ಹೋಗಬಹುದಿತ್ತು. 'ನೋಡು, ಹೀಗೆ ಬಂತು' ಎಂದು ತೋರಿಸಬಹುದಿತ್ತು. ಕೆಲಸ ಮಾಡುತ್ತ ಮಾಡುತ್ತ ಕೈ ಬರುತ್ತದೆ ಎಂದೇ ಅಲ್ಲವೇ ನೀನು ಓದುತ್ತಿದ್ದದ್ದು? ಅದು ನಿನ್ನ ಮನೆಯಲ್ಲೇ ನಡೆದಿತ್ತು. ನಿನಗೆ ನಿಜವಾದ ಕೇಸೇ ಸಿಗುತ್ತಿತ್ತು. ನಾನು ಅದನ್ನು ಬಚ್ಚಿಟ್ಟು ನಕಲಿಯನ್ನು ಕೊಟ್ಟೆ. ನಿನ್ನನ್ನು ನಂಬಿದ ಮಕ್ಕಳಿಗೆ ನೀನು ಅದನ್ನೇ ಹಂಚಿದೆ. ನಿನ್ನದೇನೂ ತಪ್ಪಿಲ್ಲ. ನನ್ನ ತಪ್ಪು ನಿನ್ನ ಬಾಯಿಂದ ಹೊರಬಂತು, ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಮಾತು.

ಈಗ ಹೇಳುವುದನ್ನು ಕೇಳು. ಸವಿತಾಳ ಆ ಹಾಳೆಗೆ ಸಹಿ ಹಾಕಬೇಡ. ಆ ಹುಡುಗಿಯನ್ನು ಬಯ್ಯಬೇಡ, ಅವಳು ಒಂದು ಎಲೆಯನ್ನೂ ಬಿಡದೆ ಮಾಡಿಸಿದ್ದಾಳೆ. 'ಮನಸ್ಸಿಲ್ಲ' ಎಂಬ ಮಾತನ್ನು ಹೊಡೆದುಹಾಕಲು ಹೇಳು. ರಂಗಮ್ಮನ ಹೆಸರು ಪಟ್ಟಿಯಲ್ಲಿ ಉಳಿಯಲಿ. ನನ್ನ ನಿಜವಾದ ಲೆಕ್ಕವನ್ನು ಕೊನೆಯ ನಾಲ್ಕು ಪುಟದಲ್ಲಿ ಬರೆದಿದ್ದೇನೆ. ಯಾವ ತಿಂಗಳು ಏನು ಬಂತು, ಏನು ಬರಲಿಲ್ಲ, ಯಾವುದು ಇವತ್ತಿಗೂ ಬಂದಿಲ್ಲ, ನೆನಪಿದ್ದಷ್ಟನ್ನೂ. ಬೀಳಿಸಿದ್ದನ್ನೂ ಬರೆದಿದ್ದೇನೆ. ಅದು ಅಷ್ಟು ಚೆಂದದ ಪಾಠವಲ್ಲ. ಬಸ್ಸಿನ ಮಕ್ಕಳು ಮೊದಲಿನಷ್ಟು ಚಪ್ಪಾಳೆ ತಟ್ಟಲಿಕ್ಕಿಲ್ಲ. ಮನು, ಅದನ್ನು ದುಂಡು ಅಕ್ಷರದಲ್ಲಿ ನಕಲು ಮಾಡಿಕೊಡು. ರಂಗಮ್ಮನ ಗೋಡೆಯಲ್ಲಿ ಹಳೆಯ ಪಟ್ಟಿಯಿದ್ದ ಜಾಗ ಖಾಲಿಯಿದೆ. ಅದನ್ನು ನಾನೇ ಕಿತ್ತು ತಂದು ಒಲೆಗೆ ಹಾಕಿದೆ.

ಈ ಪುಸ್ತಕವನ್ನು ಭಾನುವಾರ ನೀನು ಊಟ ಮುಗಿಸಿ ಹೊರಡುವಾಗ ಚೀಲದಲ್ಲಿ ಇಡುತ್ತೇನೆ. ಗಾಡಿಯಲ್ಲಿ ಓದು. ಬುಧವಾರದವರೆಗೆ ಯೋಚಿಸಲು ನಿನಗೆ ಮೂರು ದಿನ ಸಿಗುತ್ತದೆ. ನನ್ನನ್ನು ಕಾಪಾಡುವ ದಾರಿ ಹುಡುಕಬೇಡ. ಅಜ್ಜಿಗೆ ವಯಸ್ಸಾಯಿತು, ನೆನಪು ತಪ್ಪಿತು ಎಂದೆಲ್ಲ ಮಕ್ಕಳಿಗೆ ಹೇಳಬೇಡ. ನನ್ನ ನೆನಪು ಚೆನ್ನಾಗಿದೆ.

ಬುಧವಾರ ಶಾಲೆಯ ಜಗಲಿಯಲ್ಲಿ ನಿಮ್ಮ ಕೊನೆಯ ಸಭೆ. ಊರಿನವರೂ ಬರುತ್ತಾರೆ, ಬಸಣ್ಣನೂ ಬರುತ್ತಾನೆ. ನಾನು ಎದ್ದು ನಿಂತು ಎಲ್ಲರ ಎದುರು ಹೇಳುತ್ತೇನೆ. ನಾಲ್ಕು ಜನರ ಮುಂದೆ ನಾನು ಬಾಯಿ ಬಿಟ್ಟದ್ದು ನನ್ನ ಮದುವೆಯಲ್ಲಿ ಗಂಡನ ಹೆಸರು ಹೇಳುವಾಗ, ಅದೂ ಯಾರಿಗೂ ಕೇಳಿಸಿರಲಿಲ್ಲ. ರಂಗಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ. ನಾನು ಏಳದೆ ಕೂತರೆ ಚಿವುಟು ಎಂದಿದ್ದೇನೆ.

"ಯಾವ ಕೈಯಾಗೆ?" ಎಂದಳು.

"ಬಲಗೈಯಾಗೆ."

"ಹಂಗಾದ್ರೆ ಐದು ತಿಂಗಳು ಕೂತಿರು ಬುಡು," ಎಂದು ನಕ್ಕಳು.

ಇಲ್ಲ. ಅವಳು ಚಿವುಟುವ ಮೊದಲೇ ಏಳುತ್ತೇನೆ.